ಹಲಬರ್ಗಾ ಮಾರ್ಗವಾಗಿ ಇಟಲಿ

ಬೀದರ್: ಹೊರಡುವ ಮುಂಚೆ

ವಿದೇಶ ಪ್ರವಾಸ ಬರೆದವರೆಲ್ಲ ವಿಮಾನದ ಕಿಟಕಿ ಪಕ್ಕದ ಸೀಟಿನಿಂದ ಶುರು ಮಾಡುತ್ತಾರೆ. ನನಗೆ ಆ ಸೀಟು ಸಿಗಲಿಲ್ಲ. ನನ್ನ ಇಟಲಿ ಪ್ರವಾಸ ಶುರುವಾದದ್ದು ಚಿದ್ರಿಯ ನಮ್ಮ ಓಣಿಯ ವಿದ್ಯುತ್ ಕಂಬಕ್ಕೆ ಕಟ್ಟಿದ ಹತ್ತು ಅಡಿಯ ಫ್ಲೆಕ್ಸ್‌ನಿಂದ. ಅದರಲ್ಲಿ ನಾನು ಕೋಟು ತೊಟ್ಟು ನಿಂತಿದ್ದೆ. ಕೋಟು ನನ್ನದಲ್ಲ, ಕುತ್ತಿಗೆಯಿಂದ ಮೇಲಿನದಷ್ಟೇ ನನ್ನದು. ಬೆನ್ನ ಹಿಂದೆ ಕಬ್ಬಿಣದ ಎತ್ತರದ ಗೋಪುರ. ಅದು ಇಟಲಿಯದಲ್ಲ, ಪ್ಯಾರಿಸ್ಸಿನದು ಎಂದು ಫ್ಲೆಕ್ಸ್ ಮಾಡಿದ ಗೆಳೆಯ ಗೌಸ್ ಭಾಯಿಗೆ ಹೇಳಿದೆ. "ಹೋಗೋ ದಾರ್ಯಾಗ ಬರಾದಿಲ್ಲೇನ್ರಿ ಮಾಸ್ಟರ್ ಸಾಬ್?" ಎಂದು ಕೇಳಿದ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಗೌತಮ. ಬೀದರ್‌ನ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಆ ಮೂವತ್ತು ವರ್ಷದಲ್ಲಿ ಶಾಲೆಗೆಂದು ನನ್ನ ಕೈಯಿಂದ ಬಂದ ಕಲೆ ಇಷ್ಟು: ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದ ಸುಸ್ವಾಗತ, ಇನ್‌ಸ್ಪೆಕ್ಷನ್ ಬಂದಾಗ ಜೀರ್ಣಾಂಗಗಳ ಚಾರ್ಟು, ಜಯಂತಿಗಳಿಗೆ ಮಹಾಪುರುಷರ ಮುಖ. ಮುಖಗಳನ್ನು ಚೌಕ ಹಾಕಿ ಬರೆಯುತ್ತಿದ್ದೆ. ಫೋಟೋದ ಮೇಲೆ ಸಣ್ಣ ಚೌಕ, ಹಾಳೆಯ ಮೇಲೆ ದೊಡ್ಡ ಚೌಕ, ಇಲ್ಲಿಯದನ್ನು ಅಲ್ಲಿಗೆ ಸಾಗಿಸಿದರೆ ಆಯಿತು. ಒಂದು ವರ್ಷ ಇಬ್ಬರು ಮಹಾಪುರುಷರ ಮೀಸೆ ಅದಲುಬದಲಾಗಿತ್ತು. ಯಾರೂ ಗಮನಿಸಲಿಲ್ಲ, ಮಾಲೆ ಹಾಕಿ ಹೋದರು.

ನೌಕರಿಯ ಮೊದಲ ವರ್ಷಗಳಲ್ಲಿ ನಾನು ನಿಜವಾಗಿ ಚಿತ್ರ ಬರೆಯುತ್ತಿದ್ದೆ. ಕೋಟೆಯ ಗೋಡೆಯ ಮೇಲೆ ಕೂತರೆ ಊಟದ ನೆನಪಾಗುತ್ತಿರಲಿಲ್ಲ. ಬಿಟ್ಟದ್ದು ಯಾವಾಗ ಎಂದು ಕೇಳಿದರೆ ಹೇಳಲಾರೆ. ಕುಡಿತ ಬಿಟ್ಟವರು ತಾರೀಖು ಹೇಳುತ್ತಾರೆ, ಚಿತ್ರ ಬಿಟ್ಟವರಿಗೆ ತಾರೀಖು ಇರುವುದಿಲ್ಲ. ಒಂದು ದಿನ ಬಿಳಿ ಬಣ್ಣದ ಟ್ಯೂಬು ಒತ್ತಿದರೆ ಒಳಗೆ ಕಲ್ಲಾಗಿತ್ತು. ಅದಾಗಿ ಇಪ್ಪತ್ತೆರಡು ವರ್ಷ.

ನಿವೃತ್ತನಾದ ಮೇಲೆ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಇಟಲಿಯಲ್ಲಿ ಹಿರಿಯರಿಗಾಗಿ ಹದಿನೈದು ದಿನದ ಚಿತ್ರಕಲಾ ಶಿಬಿರ, ನಿಮ್ಮೊಳಗೆ ಮಲಗಿರುವ ಕಲಾವಿದನನ್ನು ಎಬ್ಬಿಸಿ. ನನ್ನೊಳಗಿನ ಕಲಾವಿದ ಮಲಗಿದ್ದು ಬೀದರ್‌ನಲ್ಲಿ, ಎಬ್ಬಿಸಲು ಇಟಲಿಗೆ ಏಕೆ ಹೋಗಬೇಕು ಎಂದು ಆಗ ಹೊಳೆಯಲಿಲ್ಲ. ಅರ್ಜಿ ಹಾಕಿದೆ. ವೀಸಾ ಬಂದಂತೆಯೇ ಎಂದು ಏಜೆಂಟು ಹೇಳಿದ.

ನಮ್ಮ ಕಡೆ ವಿದೇಶಕ್ಕೆ ಹೋಗುವವರಿಗೆ ಹೋಗುವ ಮುಂಚೆಯೇ ಸನ್ಮಾನ ಮಾಡುವುದು ಪದ್ಧತಿ. ಬಂದ ಮೇಲೆ ಮಾಡಿದರೆ ಅವನು ಅಲ್ಲಿಯ ಕಥೆ ಹೇಳಲು ಶುರು ಮಾಡುತ್ತಾನೆಂಬ ಭಯವಿರಬಹುದು. ಏಜೆಂಟನ ಮಾತು ಓಣಿಗೆ ತಲುಪಿದ ಮರುದಿನವೇ ಸಮಿತಿಯಾಯಿತು. ಶಾಲೆಯ ಸಭಾಂಗಣದಲ್ಲಿ ನನಗೆ ಪೇಟ ತೊಡಿಸಿದರು, ಗೌಸ್ ಭಾಯಿ ಆರಿಸಿ ತಂದಿದ್ದ ನೇರಳೆ ಬಣ್ಣದ ಶಾಲು ಹೊದಿಸಿದರು, ಒಂದು ಬಿದರಿ ಹೂದಾನಿ ಕೊಟ್ಟರು. ಬೀದರ್‌ನವರು ಬೀದರ್‌ನವರಿಗೆ ಬಿದರಿ ಹೂದಾನಿಯನ್ನೇ ಕೊಡುತ್ತಾರೆ. ಮನೆಯಲ್ಲಿ ಅಂಥವು ಆಗಲೇ ಆರು ಇದ್ದವು. ಹೂವು ಇಡಲು ಒಂದೂ ಬಳಕೆಯಾಗಿಲ್ಲ.

ಮುಖ್ಯ ಗುರುಗಳು ಭಾಷಣ ಮಾಡಿದರು. ಅವರು ಮೊದಲು ಗಣಿತದ ಮಾಸ್ತರು, ಪಾಠ ಮುಗಿದಿಲ್ಲವೆಂದು ವರ್ಷಾನುಗಟ್ಟಲೆ ನನ್ನ ಡ್ರಾಯಿಂಗ್ ಪೀರಿಯಡ್ಡು ಕಸಿದುಕೊಂಡವರು. ಕಲೆಯೇ ಜೀವನ ಎಂದರು. ನಾನು ಹದಿನೈದು ದಿನದಲ್ಲಿ ಹದಿನೈದು ಚಿತ್ರ ಬರೆದು ತರುವೆನೆಂದೂ, ಬಂದ ಮೇಲೆ ಇದೇ ಸಭಾಂಗಣದಲ್ಲಿ ಪ್ರದರ್ಶನವೆಂದೂ ಸಾರಿ, ತಾರೀಖನ್ನೂ ಹೇಳಿಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಬರೆಯದವನು ನಾನು. ಪೇಟದ ಭಾರಕ್ಕೆ ತಲೆ ತಾನಾಗಿಯೇ ಹೂಂ ಎಂದಿತು.

ನಾಲ್ಕನೆಯ ದಿನ ವೀಸಾ ನಿರಾಕರಣೆಯ ಪತ್ರ ಬಂತು. ಅರ್ಜಿದಾರರು ಪ್ರವಾಸ ಮುಗಿದ ಮೇಲೆ ಸ್ವದೇಶಕ್ಕೆ ಮರಳುತ್ತಾರೆಂದು ನಂಬಲು ಸಾಕಷ್ಟು ಕಾರಣವಿಲ್ಲ ಎಂದಿತ್ತು. ನನ್ನ ಹೆಂಡತಿ ಸುವರ್ಣಾಳಿಗೆ ಅರ್ಥ ಹೇಳಿದೆ. ಆಕೆಗೆ ನಗು ತಡೆಯಲಾಗಲಿಲ್ಲ. ಸಂತೆಗೆ ಹೋದರೂ ಒಂದು ತಾಸಿನಲ್ಲಿ ತಿರುಗಿ ಬರುವ ಮನುಷ್ಯ ಇವರು, ಆ ಸಾಹೇಬರಿಗೆ ಯಾರು ತಿಳಿಸಿ ಹೇಳಬೇಕು ಎಂದಳು.

ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದೆ. ಆಕೆ ಗೂಟಕ್ಕೆ ಹಾಕಿದ್ದ ಶಾಲನ್ನು ನೋಡಿದಳು.

"ಹೊದ್ಕೊಂಡು ಆಗ್ಯಾದ. ಈಗ ಯಾವ ಬಾಯಿಲೆ ಹೇಳ್ತೀರಿ? ಹಲಬರ್ಗಾಕ ಅಕ್ಕನ ಮನಿಗಿ ಹೋಗ್ರಿ. ಹದಿನೈದು ದಿನಾ ಇದ್ದು ಬರ್ರಿ. ಅದೇ ನಿಮ್ಮ ಇಟಲಿ."

ಚಿತ್ರಗಳ ಗತಿ? ಮೊಬೈಲಿನಲ್ಲಿ ಇಟಲಿಯ ಫೋಟೋಗಳು ಬೇಕಾದಷ್ಟಿದ್ದವು. ಚೌಕ ಹಾಕುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವವಿತ್ತು.

ಜಹೀರಾಬಾದ್: ಮೊದಲ ಗಡಿ

ನನ್ನನ್ನು ಕಳಿಸಲು ಓಣಿಯವರೆಲ್ಲ ಬೀದರ್ ಬಸ್ ನಿಲ್ದಾಣಕ್ಕೆ ಬಂದರು. ವಿಮಾನ ಹೈದರಾಬಾದಿನಿಂದ ಎಂದು ಎಲ್ಲರಿಗೂ ಗೊತ್ತು. ನೀವು ಹೊರಡಿ, ನಾನು ಹೋಗುತ್ತೇನೆ ಎಂದು ಎಷ್ಟು ಹೇಳಿದರೂ ಒಬ್ಬರೂ ಕದಲಲಿಲ್ಲ. ಬಸ್ಸು ಅಲುಗಿ ಮುಂದೆ ಹೋಗುವತನಕ ಕೈ ಬೀಸದಿದ್ದರೆ ನಮ್ಮವರಿಗೆ ಕಳಿಸಿದಂತಾಗುವುದಿಲ್ಲ. ಹಾಗಾಗಿ ಹೈದರಾಬಾದ್ ಬಸ್ಸು ಹತ್ತಲೇಬೇಕಾಯಿತು.

ತೆಲಂಗಾಣದ ಗಡಿ ದಾಟಿ ಜಹೀರಾಬಾದಿನಲ್ಲಿ ಇಳಿದೆ. ಬೋರ್ಡುಗಳ ಲಿಪಿ ಸರಿಯಾಗಿ ಓದಲು ಬರಲಿಲ್ಲ, ಮಾತು ಅರ್ಧ ತಿಳಿಯಿತು, ಚಹಾ ತೀರ ಸಿಹಿ. ವಿದೇಶದ ಲಕ್ಷಣಗಳೆಲ್ಲ ಇದ್ದವು. ಪ್ರವಾಸಿಗರು ಇಲ್ಲಿ ಒಂದು ದಿನವಾದರೂ ತಂಗಬೇಕು ಎಂದು ಬರೆಯುವ ಆಸೆ, ಆದರೆ ಅಷ್ಟರಲ್ಲಿ ಪ್ಯಾಸೆಂಜರ್ ರೈಲು ಬಂತು.

ಜಹೀರಾಬಾದಿನಿಂದ ಹಲಬರ್ಗಾಕ್ಕೆ ಹೋಗುವ ರೈಲಿಗೆ ನಡುವೆ ಬೀದರ್ ಸಿಗುತ್ತದೆ. ಹೀಗಾಗಿ ಬೆಳಿಗ್ಗೆ ಮಾಲೆ ಹಾಕಿಸಿಕೊಂಡು ಪರದೇಶಕ್ಕೆ ಹೋದವನು ಮಧ್ಯಾಹ್ನಕ್ಕೆ ಬೀದರ್ ಸ್ಟೇಷನ್ನಿನಲ್ಲಿದ್ದೆ. ಕಿಟಕಿಯಿಂದ ನೋಡಿದರೆ ಪ್ಲಾಟ್‌ಫಾರಂ ಮೇಲೆ ಮುಖ್ಯ ಗುರುಗಳು, ಭಾಲ್ಕಿ ಕಡೆ ಯಾವುದೋ ಮದುವೆಗೆ ಹೊರಟ ಹಾಗಿತ್ತು, ನನ್ನ ಬೋಗಿಗೇ ಹತ್ತಿದರು. ಹೆಗಲ ಮೇಲಿದ್ದ ಸನ್ಮಾನದ ಶಾಲು ಮುಖಕ್ಕೆ ಎಳೆದುಕೊಂಡು ಶೌಚಾಲಯ ಸೇರಿದೆ. ಖಾನಾಪುರ ದಾಟಿದ ಮೇಲೆ ಬಾಗಿಲು ಬಡಿಯುವ ಸದ್ದಾಯಿತು. ಕೆಮ್ಮು ಅವರದೇ. ಪೀರಿಯಡ್ಡುಗಳನ್ನು ಬಿಟ್ಟುಕೊಟ್ಟ ಹಾಗೆ ಇದನ್ನೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಒಳಗಿನಿಂದಲೇ ದಪ್ಪ ದನಿಯಲ್ಲಿ "ಪ್ಲೀಸ್ ವೇಟ್" ಎಂದೆ. ಈ ವಿದೇಶ ಪ್ರವಾಸದಲ್ಲಿ ನಾನು ಆಡಿದ ಇಂಗ್ಲಿಷ್ ಅಷ್ಟೇ. ಅವರು ಇಂಗ್ಲಿಷಿಗೆ ಗೌರವ ಕೊಟ್ಟು ಪಕ್ಕದ ಬೋಗಿಗೆ ಹೋದರು.

ಹಲಬರ್ಗಾ

ವಿದೇಶಗಳಲ್ಲಿ ಜನ ಅಪರಿಚಿತರ ಸ್ವಂತ ವಿಷಯ ಕೇಳುವುದಿಲ್ಲವೆಂದು ಓದಿದ್ದೆ. ಹಲಬರ್ಗಾದವರು ಸ್ಟೇಷನ್ನಿನಿಂದ ಅಕ್ಕನ ಮನೆ ತಲುಪುವುದರೊಳಗೆ ನನ್ನ ಸಕ್ಕರೆ ಕಾಯಿಲೆ, ಹಲ್ಲಿನ ಸೆಟ್ಟು, ಸುವರ್ಣಾ ಜೊತೆಗೆ ಬಾರದ ಕಾರಣ ಎಲ್ಲ ವಿಚಾರಿಸಿ ಮುಗಿಸಿದರು. ಬೀದರ್‌ನ ಹವೆ ಕೆಟ್ಟಿದೆ, ತಮ್ಮನಿಗೆ ಡಾಕ್ಟರು ಹಳ್ಳಿಯ ಹವೆ ಬರೆದುಕೊಟ್ಟಿದ್ದಾರೆ ಎಂದು ಅಕ್ಕ ಓಣಿಗೆಲ್ಲ ಮೊದಲೇ ಹೇಳಿಟ್ಟಿದ್ದಳು.

ಅಕ್ಕ ಕಮಲಾಬಾಯಿ ನನಗಿಂತ ಏಳು ವರ್ಷ ದೊಡ್ಡವಳು. ಹೊಲ ತಾನೇ ನೋಡಿಕೊಳ್ಳುತ್ತಾಳೆ, ಮಾತು ಕಡಿಮೆ. ಇಟಲಿಯ ಸುದ್ದಿಯನ್ನು ಸುವರ್ಣಾ ಫೋನಿನಲ್ಲಿ ಹೇಳಿದ್ದಳು. ನನ್ನ ಹೊಸ ಸೂಟ್‌ಕೇಸು, ಪರದೇಶದ ಬಣ್ಣದ ಪೆಟ್ಟಿಗೆ, ಮಡಚುವ ಸ್ಟ್ಯಾಂಡು ಎಲ್ಲ ನೋಡಿ ಒಳಗೆ ಹೋದಳು. ಪುಂಡಿ ಪಲ್ಯ, ಬಿಸಿ ರೊಟ್ಟಿ ಹಾಕಿದಳು.

ಮರುದಿನದಿಂದ ನಾನು ಕೆಲಸಕ್ಕೆ ಕೂತೆ. ಪಡಸಾಲೆಯಲ್ಲಿ ಶಾಲು ಮಡಚಿ ಹಾಕಿ, ಅದರ ಮೇಲೆ ಕೂತು, ಮೊಬೈಲಿನ ಫೋಟೋ ನೋಡಿ ನೋಡಿ ಚೌಕ ತುಂಬಿದೆ. ದಿನಕ್ಕೊಂದರಂತೆ ನಾಲ್ಕು ದಿನ ನಾಲ್ಕು ಚಿತ್ರ. ಹೊರಗೆ ಮಳೆ ಬಂದು ಹೋಗುತ್ತಿತ್ತು, ಹೊಲಗಳಲ್ಲಿ ಸೋಯಾ, ತೊಗರಿ ಹಸಿರಾಗಿ ನಿಂತಿದ್ದವು. ನಾನು ತಲೆ ಎತ್ತಿ ನೋಡಲಿಲ್ಲ, ಏಕೆಂದರೆ ನಾನು ಇಟಲಿಯಲ್ಲಿದ್ದೆ.

ವೆನಿಸ್ ನಗರದ ಚಿತ್ರವನ್ನು ಅಕ್ಕ ಬಹಳ ಹೊತ್ತು ನೋಡಿದಳು. "ಮನಿ ಬಾಗಿಲತನಾ ನೀರು ಬಂದಾದ. ಯಾರೂ ಸಾಮಾನು ಮ್ಯಾಲ ಎತ್ತಿಟ್ಟಿಲ್ಲಲ್ಲ?" ಎಂದು ಚಿಂತೆಯಿಂದ ಕೇಳಿದಳು. ವಾಲಿದ ಗೋಪುರ ನೋಡಿ, ಕಟ್ಟಿದ ಗುತ್ತೇದಾರ ಯಾರೆಂದಳು. ಇಟಲಿಯ ಬಗ್ಗೆ ಇಷ್ಟು ಮೂಲಭೂತ ಪ್ರಶ್ನೆಗಳನ್ನು ಯಾವ ಪ್ರವಾಸಿಯೂ ಕೇಳಿದ್ದನ್ನು ನಾನು ಓದಿಲ್ಲ.

ಐದನೆಯ ದಿನ ಸಂಜೆ ಅಕ್ಕ ನನ್ನ ಪಕ್ಕದಲ್ಲಿ ಬಂದು ಕೂತಳು. ಆಗ ನಾನು ನಾಲ್ಕನೆಯ ಚಿತ್ರದ ಕೊನೆಯ ಚೌಕ ತುಂಬುತ್ತಿದ್ದೆ.

"ನೀ ಸಣ್ಣಂವ ಇದ್ದಾಗ ಇದ್ಲಿ ಹಿಡ್ದು ಗ್ವಾಡಿ ಎಲ್ಲಾ ಬರಿತಿದ್ದಿ. ಅವ್ವ ಬಡಿತಿದ್ಳು, ನೀ ನಗ್ತಿದ್ದಿ. ಈಗ ಬಡಿಯೋರು ಯಾರೂ ಇಲ್ಲ. ಮತ್ತ ಮಾರಿ ಹಿಂಗ್ಯಾಕ ಮಾಡ್ಕೊಂಡು ಕುಂತೀದಿ ತಮ್ಮಾ?"

ನಾಲ್ಕು ಚಿತ್ರ ಬರೆದಿದ್ದೆ, ನಾಲ್ಕರಲ್ಲೂ ತಪ್ಪಿರಲಿಲ್ಲ, ಒಂದರ ಮೇಲೂ ನನಗೆ ಪ್ರೀತಿ ಇರಲಿಲ್ಲ. ಅವು ಜೀರ್ಣಾಂಗಗಳ ಚಾರ್ಟಿನ ಅಣ್ಣತಮ್ಮಂದಿರಾಗಿದ್ದವು. ಇನ್ನೂ ಹನ್ನೊಂದು ಹೀಗೇ ಬರೆಯಬೇಕಿತ್ತು. ಕುಂಚ ತೊಳೆದು ಪೆಟ್ಟಿಗೆ ಮುಚ್ಚಿದೆ. ಬಿಳಿ ಬಣ್ಣ ಮುಗಿದಿದೆ, ನಾಳೆ ಭಾಲ್ಕಿಗೆ ಹೋಗಿ ತರುತ್ತೇನೆ ಎಂದಷ್ಟೇ ಹೇಳಿದೆ.

ಭಾಲ್ಕಿ

ಭಾಲ್ಕಿಯ ಅಂಗಡಿಕಾರರ ಸೌಜನ್ಯವನ್ನು ಇಲ್ಲಿ ದಾಖಲಿಸಬೇಕು. ಚಿತ್ರದ ಬಿಳಿ ಬಣ್ಣ ಕೇಳಿದರೆ ಇಲ್ಲ ಎನ್ನಲಿಲ್ಲ. ಒಬ್ಬರು ಗೋಡೆಗೆ ಹಚ್ಚುವ ಡಿಸ್ಟೆಂಪರ್ ತೋರಿಸಿದರು, ಇನ್ನೊಬ್ಬರು ಕ್ಯಾನ್ವಾಸ್ ಬೂಟಿಗೆ ಹಚ್ಚುವ ಪಾಲಿಶ್ ಕೊಟ್ಟು, ಇದೂ ಬಿಳಿಯೇ ಎಂದರು.

ಎರಡನ್ನೂ ಬಿಟ್ಟು ಬಸ್ ನಿಲ್ದಾಣದ ಕಡೆ ಬಂದೆ. ಅಲ್ಲಿ ಒಂದು ದೊಡ್ಡ ಫ್ಲೆಕ್ಸ್ ಮೇಲೇರುತ್ತಿತ್ತು. ಕೆಳಗೆ ನಿಂತು, ಎಡಕ್ಕೆ ಎಳಿ, ಬಲಕ್ಕೆ ಬಿಡು ಎಂದು ಕೂಗುತ್ತಿದ್ದವನು ಗೌಸ್ ಭಾಯಿ. ಗಾಬರಿಯಿಂದ ಶಾಲು ತಲೆಯ ಮೇಲೆ ಎಳೆದುಕೊಂಡೆ. ಮುಖ ಗುರುತು ಸಿಗುವುದು ತಪ್ಪಿತು. ಆದರೆ ಆ ನೇರಳೆ ಬಣ್ಣ ಆರಿಸಿದವನೇ ಅವನು. ಹತ್ತಿರ ಬಂದು ಶಾಲಿನ ಅಂಚು ಎತ್ತಿ ನೋಡಿದ.

"ಮಾಸ್ಟರ್ ಸಾಬ್, ಇಟ್ಲಿ ಇಷ್ಟು ಹತ್ರ ಅದಂತ ಗೊತ್ತಿದ್ದಿಲ್ರಿ."

ಹೋಟೆಲಿನಲ್ಲಿ ಕೂತು ಎಲ್ಲ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ಅವನು ಚಹಾ ಬಸಿಗೆ ಸುರಿದು, ಆರಿಸಿ, ನಿಧಾನ ಕುಡಿದ. ಅವನ ಬಲಗೈ ಹೆಬ್ಬೆರಳಿಗೆ ದಪ್ಪ ಪಟ್ಟಿ ಕಟ್ಟಿತ್ತು. ಬೀದರ್ ಪಕ್ಕದ ಕೊಳಾರದ ತನ್ನ ಶೆಡ್ಡಿನಲ್ಲಿ ಫ್ಲೆಕ್ಸ್ ಮಷಿನ್ನಿಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಆ ಮಷಿನ್ನು ಬರುವ ಮೊದಲು ಬೀದರ್, ಭಾಲ್ಕಿಯ ಅರ್ಧ ಅಂಗಡಿಗಳ ಬೋರ್ಡು ಬರೆದವನು ಅವನೇ. ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಅವನ ಅಕ್ಷರ ನೋಡಿದರೆ ಗುರುತು ಸಿಗುತ್ತಿತ್ತು.

"ಸುಳ್ಳು ನಾನೂ ಹೇಳ್ತೇನ್ರಿ," ಎಂದ. "ನನ್ನ ದುಕಾನ್ ಮ್ಯಾಲ ಇನ್ನಾ ಗೌಸ್ ಪೇಂಟರ್ ಅಂತೇ ಅದ. ಕುಂಚ ಹಿಡಿಯೋದು ವರ್ಷಕ್ಕ ಒಂದೇ ದಿನಾ."

ಆ ಒಂದು ದಿನ ಮರುದಿನವೇ ಇತ್ತು. ಪೋಳಾ ಹಬ್ಬ, ಎತ್ತುಗಳನ್ನು ತೊಳೆದು ಸಿಂಗರಿಸಿ ಪೂಜಿಸುವ ಅಮಾವಾಸ್ಯೆ. ಔರಾದಿನಲ್ಲಿ ಮಾರುತಿ ಕಾಕಾ ಎಂಬ ರೈತರಿದ್ದಾರೆ, ಗೌಸ್ ಭಾಯಿಗೆ ಮೊಟ್ಟಮೊದಲ ಕೆಲಸ ಕೊಟ್ಟವರು. ಅವರ ಚಕ್ಕಡಿಯ ಮೇಲೆ ಹೆಸರು ಬರೆದ ವರ್ಷದಿಂದ ಪ್ರತಿ ಪೋಳಾಕ್ಕೂ ಅವರ ಎತ್ತಿನ ಕೋಡುಗಳಿಗೆ ಇವನೇ ಬಣ್ಣ ಬರೆಯುತ್ತಾನೆ. ಈ ಸಲ ಹೆಬ್ಬೆರಳು ಹೀಗಾಗಿದೆ.

"ಕಾಕಾಗ ಯಾವ ಮಾರಿ ತೋರಿಸ್ಲಿ ಅಂತ ಚಿಂತಿ ಹತ್ತಿತ್ತು. ಖುದಾ ನಿಮಗ ಇಟ್ಲಿಯಿಂದ ಕಳಿಸ್ಯಾನ."

ಇಟಲಿ ಶಿಬಿರಕ್ಕೆ ಆಯ್ಕೆಯಾದ ಕಲಾವಿದ ಎತ್ತಿನ ಕೋಡು ಬರೆಯುವುದೇ ಎಂದು ಒಳಗೆ ಕೊಂಕು ಎದ್ದಿತು. ಆಯ್ಕೆ ಮಾಡಿದವನು ಟ್ರಾವೆಲ್ ಏಜೆಂಟು ಎಂಬುದು ನೆನಪಾಗಿ ಸುಮ್ಮನಾದೆ. ಅದೂ ಅಲ್ಲದೆ ನನ್ನ ಗುಟ್ಟು ಅವನ ಕೈಯಲ್ಲಿತ್ತು.

ಔರಾದ್

ಔರಾದಿನಲ್ಲಿ ಕನ್ನಡ ನಡುನಡುವೆ ಮರಾಠಿಯ ಅಂಗಿ ತೊಟ್ಟುಕೊಳ್ಳುತ್ತದೆ. ಮಾರುತಿ ಕಾಕಾ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಗೌಸನ ಬದಲು ಬಂದಿದ್ದೀರಾ, ಬನ್ನಿ ಎಂದರು. ತೊಳೆದು ಹೊಳೆಯುವ ಎರಡು ಬಿಳಿ ಎತ್ತು ಬೇವಿನ ಮರದ ಕೆಳಗೆ ನಿಂತಿದ್ದವು. ರಾಜಾ ಸಾಧು. ಸರ್ಜಾ ಜರಾ ತಾಪಟ ಎಂದು ಕಾಕಾ ಎಚ್ಚರಿಸಿದರು, ಎಂದರೆ ಮುಂಗೋಪಿ.

ನಾನು ಚೀಲದಿಂದ ಸ್ಕೇಲು, ಪೆನ್ಸಿಲ್ ತೆಗೆದು ಸರ್ಜಾನ ಕೋಡಿನ ಮೇಲೆ ಚೌಕ ಹಾಕಲು ಹೋದೆ. ಕಾಕಾ ಗೌಸ್ ಭಾಯಿಯನ್ನು ನೋಡಿದರು, ಗೌಸ್ ಭಾಯಿ ಮೋಡ ನೋಡಿದ. ಸರ್ಜಾ ಒಮ್ಮೆ ತಲೆ ಕೊಡವಿದ. ಸ್ಕೇಲು ಹಾರಿ ಸೆಗಣಿಯಲ್ಲಿ ಬಿತ್ತು. ಮೂವತ್ತು ವರ್ಷದ ನನ್ನ ಪದ್ಧತಿಗೆ ಇಷ್ಟು ಚುಟುಕಾದ ವಿಮರ್ಶೆ ಬಂದಿರಲಿಲ್ಲ.

ಕುಂಚವನ್ನು ಕೆಂಪು ಎಣ್ಣೆಬಣ್ಣದಲ್ಲಿ ಅದ್ದಿ ಕೋಡಿನ ಬುಡದಲ್ಲಿ ಒಂದು ಗೆರೆ ಎಳೆದೆ. ಎತ್ತು ಕದಲಿತು, ಗೆರೆ ಸೊಟ್ಟಗಾಯಿತು. ನನ್ನ ಎಡಗೈ ತಾನಾಗಿಯೇ ಜೇಬಿನಲ್ಲಿ ರಬ್ಬರು ಹುಡುಕಿತು. ಕಾಕಾ ಅದನ್ನು ನೋಡಿದರು.

"ಅಳಸ್ಲಾಕ ಎಲ್ಲಿ ಟೈಮ್ ಅದರಿ ಮಾಸ್ತರ್? ಅದರ ಮ್ಯಾಲೇ ಇನ್ನೊಂದು ಹಾಕ್ರಿ."

ಹಾಕಿದೆ. ಸೊಟ್ಟ ಕೆಂಪು ಗೆರೆಯ ಮೇಲೆ ಹಳದಿ, ಅದು ಜಾರಿದಲ್ಲಿ ಹಸಿರು ಚುಕ್ಕೆ. ಸರ್ಜಾ ಮೆಲುಕು ಹಾಕುವಾಗ ತಲೆ ಸ್ವಲ್ಪ ಸ್ವಲ್ಪ ಅಲುಗುತ್ತದೆ, ನುಂಗುವಾಗ ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣಕ್ಕೆ ಕಾದು ಕುಂಚ ಇಡಬೇಕು. ಅವನ ಮೆಲುಕು, ನನ್ನ ಉಸಿರು, ಕುಂಚ ಮೂರೂ ಒಂದೇ ಲಯಕ್ಕೆ ಬಂದದ್ದು ಯಾವಾಗ ಎಂದು ತಿಳಿಯಲಿಲ್ಲ. ಬಳ್ಳಿಯೊಂದು ಕೋಡಿನ ಸುತ್ತ ತಿರುಗುತ್ತ ತುದಿಗೆ ಹೋಯಿತು. ಅದು ಎಲ್ಲಿ ತಿರುಗುತ್ತದೆಂದು ನನಗೆ ಮೊದಲೇ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಬರೆದ ಗೆರೆಗಳೆಲ್ಲ ಎಲ್ಲಿಗೆ ಹೋಗುತ್ತವೆಂದು ಮೊದಲೇ ಗೊತ್ತಿದ್ದ ಗೆರೆಗಳು.

ಕಾಕಾರ ಹೆಂಡತಿ ಹೂರಣದ ಹೋಳಿಗೆ ಹಿಡಿದು ಬಂದರು. ಮೊದಲು ಎತ್ತಿಗೆ ತಿನಿಸಿ, ಆಮೇಲೆ ನನ್ನ ಕೆಲಸ ನೋಡಿದರು. "ಬಲ ಕೋಡಿಂದು ಬಳ್ಳಿ ಆಗ್ಯಾದ. ಎಡ ಕೋಡಿಂದು ಹಾವು ಆಗ್ಯಾದ," ಎಂದರು. ನೋಡಿದರೆ ಹೌದು, ಹಾವೇ. ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಮತ್ತು ಆ ಹಾವಿಗೆ ಎರಡು ಕಣ್ಣು ಇಟ್ಟೆ.

ಸುದ್ದಿ ಹರಡಿ ಅಕ್ಕಪಕ್ಕದವರೂ ಎತ್ತು ಹೊಡೆದುಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಕೋಡುಗಳಾಗಿದ್ದವು. ಹೋಳಿಗೆ ಎಲೆಯಲ್ಲೇ ಆರಿಹೋಗಿತ್ತು, ನನಗೆ ಹಸಿವಿರಲಿಲ್ಲ. ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ಹೋಗುವಾಗ ಕುಂಚ ಒರೆಸಲು ಕೈಗೆ ಸಿಕ್ಕ ಬಟ್ಟೆ ಹಿಡಿಯುತ್ತಿದ್ದೆ. ಅದು ಹೆಗಲ ಮೇಲಿನ ಸನ್ಮಾನದ ಶಾಲು ಎಂದು ಗೌಸ್ ಭಾಯಿ ತೋರಿಸಿದಾಗ ಅದರ ಅಂಚೆಲ್ಲ ಕೆಂಪು, ಹಳದಿ. ಆಮೇಲೆ ಇನ್ನೊಂದು ಅಂಚನ್ನೂ ಬಳಸಿದೆ. ಉಣ್ಣೆಯ ಶಾಲು ಬಣ್ಣ ಚೆನ್ನಾಗಿ ಹೀರುತ್ತದೆ. ಹೊದೆಯಲು ಮಾತ್ರ ಸೆಕೆ.

ಸಂಜೆ ಎತ್ತುಗಳು ಹನುಮಂತ ದೇವರ ಗುಡಿಗೆ ಹೊರಟವು. ಸರ್ಜಾ ಬೇವಿನ ಮರ ಕಂಡದ್ದೇ ಕೋಡು ತಿಕ್ಕಿದ. ನನ್ನ ಹಾವು ಅರ್ಧಕ್ಕರ್ಧ ತೊಗಟೆಗೆ ಹೋಯಿತು. ನನಗೆ ಬೇಸರವಾಗಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ: ಇಪ್ಪತ್ತೆರಡು ವರ್ಷದ ನಂತರ ಅಂದು ನನಗೆ ಸಂತೋಷವಾಗಿತ್ತು. ಬಸ್ಸಿನಲ್ಲಿ ಬರುವಾಗ ಗೌಸ್ ಭಾಯಿ ಕಾಣದಂತೆ ಕಣ್ಣು ಒರೆಸಿಕೊಂಡೆ. ಶಾಲಿನಿಂದಲೇ ಒರೆಸಿದ್ದರಿಂದ ಕಣ್ಣು ಮತ್ತಷ್ಟು ಉರಿಯಿತು.

ಮತ್ತೆ ಹಲಬರ್ಗಾ

ಮರುದಿನ ಬೆಳಿಗ್ಗೆ ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಎದುರಿಗೆ ಹಾಳೆ ಹಿಡಿದು ಕೂತೆ. ಬಿಳಿ ಬಣ್ಣ ಇರಲಿಲ್ಲ, ಹಾಳೆಯ ಬಿಳಿಯನ್ನೇ ಬಿಟ್ಟುಕೊಂಡೆ. ಕಪ್ಪು ಬೇಕೆನಿಸಿದಾಗ ಒಲೆಯಿಂದ ಒಂದು ಇದ್ದಿಲು ತೆಗೆದೆ. ಹೊಗೆಗೆ ಕಣ್ಣು ಕೆಡುತ್ತವೆ, ಹೊರಗೆ ಕೂಡು ಎಂದು ಅಕ್ಕ ಗದರಿದಳು. ಆದರೂ ಸೆರಗು ಸರಿಮಾಡಿಕೊಂಡದ್ದನ್ನು ನಾನು ನೋಡಿದೆ.

ಉಳಿದ ಎಂಟು ದಿನದಲ್ಲಿ ಹನ್ನೊಂದು ಚಿತ್ರವಾದವು. ಹಲಬರ್ಗಾದ ಸ್ಟೇಷನ್ನಿನ ಬೆಂಚು, ಮಳೆ ನಿಂತ ತೊಗರಿ ಹೊಲ, ಭಾಲ್ಕಿ ಬಸ್ ನಿಲ್ದಾಣ, ನೆನಪಿನಿಂದ ಸರ್ಜಾ. ಎಲ್ಲ ಚೆನ್ನಾಗಿ ಬಂದವೆಂದಲ್ಲ. ಒಂದು ಎಮ್ಮೆ ದೂರದಿಂದ ಕಾರಿನಂತೆ ಕಾಣುತ್ತದೆ. ತಪ್ಪಿದಲ್ಲಿ ಅದರ ಮೇಲೇ ಇನ್ನೊಂದು ಹಾಕಿದೆ. ಬೆಳಕು ಹರಿಯುವ ಮುಂಚೆ ಎಚ್ಚರವಾಗುತ್ತಿತ್ತು, ಇವತ್ತು ಏನು ಬರೆಯಲಿ ಎಂಬ ಆತುರಕ್ಕೆ.

ಇಟಲಿಯ ನಾಲ್ಕು ಚಿತ್ರಗಳನ್ನು ಅಕ್ಕನಿಗೇ ಬಿಟ್ಟು ಬಂದೆ. ವೆನಿಸ್ ನಗರ ಈಗ ಅವಳ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳದ ಕೆಳಗಿದೆ. ಇರುವೆ ಬರುವುದಿಲ್ಲವಂತೆ.

ಬೀದರ್: ಆಗಮನ

ಮುಖ್ಯ ಗುರುಗಳು ಪ್ರದರ್ಶನಕ್ಕೆ ಹೊಸ ಫ್ಲೆಕ್ಸ್ ಹೇಳಿದ್ದರು. ಗೌಸ್ ಭಾಯಿ ನನ್ನ ಬಳಿ ಬಂದು, ಏನು ಬರೆಯಲಿ ಎಂದಷ್ಟೇ ಕೇಳಿದ. ನಿಜವನ್ನು ಬರೆ ಎಂದೆ. ಹೆಬ್ಬೆರಳಿನ ಪಟ್ಟಿ ಬಿಚ್ಚಿದ್ದ. ಮಷಿನ್ನಿಗೆ ಹಾಕದೆ, ಬಿಳಿ ಬಟ್ಟೆಯ ಮೇಲೆ ತನ್ನ ಕೈಯಾರೆ ಬರೆದ: 'ಹಲಬರ್ಗಾ, ಭಾಲ್ಕಿ, ಔರಾದ್: ಹನ್ನೊಂದು ಚಿತ್ರ'. ಅಕ್ಷರ ಸ್ವಲ್ಪ ನಡುಗಿದ್ದವು, ಆದರೆ ಗುರುತು ಸಿಗುತ್ತಿದ್ದವು. ಆ ಬಟ್ಟೆ ಸಭಾಂಗಣದ ಬಾಗಿಲ ಮೇಲೆ ತೂಗುವಾಗ ನನಗೆ ನೆಮ್ಮದಿಯಾಯಿತು. ಓದಿಕೊಳ್ಳುತ್ತಾರೆ, ನಗುತ್ತಾರೆ, ನಾನು ಬಾಯಿ ಬಿಡಬೇಕಾಗುವುದಿಲ್ಲ.

ಒಬ್ಬರೂ ಓದಲಿಲ್ಲ. ಬ್ಯಾನರಿನಲ್ಲಿ ಫೋಟೋ ಇಲ್ಲದಿದ್ದರೆ ನಮ್ಮೂರಿನಲ್ಲಿ ಅದು ಒಣಗಲು ಹಾಕಿದ ಬಟ್ಟೆ. ಮುಖ್ಯ ಗುರುಗಳು ವಾರದ ಹಿಂದೆಯೇ ಬರೆದಿಟ್ಟ ಭಾಷಣ ಓದಿದರು. ಇಟಲಿಯ ಹಸಿರನ್ನು ನಾನು ಕಣ್ಣಿಗೆ ಕಟ್ಟಿದಂತೆ ತಂದಿರುವೆನೆಂದು ತೊಗರಿ ಹೊಲದ ಕಡೆ ಕೈ ತೋರಿಸಿದರು. ಮುಖ್ಯ ಅತಿಥಿಗಳು ಸರ್ಜಾನ ಮುಂದೆ ನಿಂತು, ಇಟಲಿಯ ತಳಿ ಗಟ್ಟಿಯಾಗಿದೆ ಎಂದರು. ಭಾಲ್ಕಿ ಬಸ್ ನಿಲ್ದಾಣ ನೋಡಿ, ಅಲ್ಲಿಯ ಸ್ವಚ್ಛತೆ ನಮಗೆ ಯಾವಾಗ ಬರುತ್ತದೋ ಎಂದು ನಿಟ್ಟುಸಿರು ಬಿಟ್ಟವರು ಭಾಲ್ಕಿಯವರೇ.

ಆಗ ನನ್ನ ಮನಸ್ಸಿಗೆ ಒಂದು ಯೋಚನೆ ಬಂತು. ಅದನ್ನು ಮುಚ್ಚಿಡುವುದಿಲ್ಲ. ನಾನು ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಬಾಗಿಲ ಮೇಲೆ ನಿಜ ಬರೆಸಿದ್ದೇನೆ, ಓದದಿದ್ದರೆ ತಪ್ಪು ಅವರದು. ಮರ್ಯಾದೆ ಉಳಿಯಿತು, ಶಾಲೂ ಉಳಿಯಿತು.

ಮುಖ್ಯ ಅತಿಥಿಗಳು ಒಲೆಯ ಚಿತ್ರದ ಮುಂದೆ ನಿಂತು, ಇಟಲಿಯಲ್ಲಿಯೂ ಹೆಂಗಸರು ಸೀರೆ ಉಡುತ್ತಾರೆಯೇ ಎಂದು ಅಚ್ಚರಿಪಟ್ಟರು. ಆ ಚಿತ್ರದ ಪಕ್ಕದಲ್ಲೇ ಅಕ್ಕ ನಿಂತಿದ್ದಳು, ಬೆಳಗಿನ ರೈಲಿಗೆ ಹಲಬರ್ಗಾದಿಂದ ಬಂದು. ಚಿತ್ರದಲ್ಲಿದ್ದ ಸೀರೆಯನ್ನೇ ಉಟ್ಟಿದ್ದಳು, ಬೇಕೆಂದೇ ಉಟ್ಟುಬಂದಿರಬೇಕು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ತಲೆ ಬಗ್ಗಿಸಿ, ಯಾರಿಗೂ ಗುರುತು ಸಿಗಬಾರದೆಂದು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ನಾನು ರೈಲಿನಲ್ಲಿ ಶಾಲು ಎಳೆದುಕೊಂಡ ಹಾಗೆಯೇ. ಆದರೆ ಅವಳು ಮುಚ್ಚಿಕೊಂಡದ್ದು ನನ್ನ ಮರ್ಯಾದೆಗಾಗಿ. ಅದನ್ನು ನನಗೆ ನೋಡಲಾಗಲಿಲ್ಲ. ಹೋಗಿ ಮೈಕು ಹಿಡಿದೆ.

"ಆ ಒಲಿ ಹಲಬರ್ಗಾದ್ದದರಿ. ಆ ರೊಟ್ಟಿ ಬಡಿಯೋ ಕೈ ನಮ್ಮ ಅಕ್ಕಂದು, ಇಲ್ಲೇ ನಿಂತಾಳ. ನನಗ ವೀಸಾ ಸಿಗಲಿಲ್ಲ. ನಾ ಇಟಲಿಗಿ ಹೋಗಿಲ್ಲರಿ."

ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಮತ್ತೊಬ್ಬರು ನಕ್ಕರು. ಮುಖ್ಯ ಗುರುಗಳು ತಮ್ಮ ಭಾಷಣದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ನನ್ನ ಹತ್ತಿರ ಬಂದು ಪಿಸುಗುಟ್ಟಿದರು, "ರೈಲಿನಾಗ ಪ್ಲೀಸ್ ವೇಟ್ ಅಂದಾವರು ನೀವೇ ಏನ್ರಿ?" ಹೌದೆಂದೆ. ಕೊನೆಗೆ, ಶಾಲು ತಂದಾಗಿದೆ, ಕಾರ್ಯಕ್ರಮದ ಪಟ್ಟಿಯಲ್ಲೂ ಅಚ್ಚಾಗಿದೆ ಎಂದು ಹೇಳಿ, ಸನ್ಮಾನ ಮಾಡಿಯೇಬಿಟ್ಟರು. ಸನ್ಮಾನಕ್ಕೆ ಕಾರಣ ಇಲ್ಲದಿದ್ದರೂ ನಡೆಯುತ್ತದೆ, ಪಟ್ಟಿಯಲ್ಲಿ ಇರಬೇಕು. ಏಳರ ಜೊತೆಗೆ ಎಂಟನೆಯ ಹೂದಾನಿಯೂ ಬಂತು.

ಆಮೇಲೆ ಜನ ಚಿತ್ರಗಳ ಕಡೆ ನುಗ್ಗಿದರು. ಇಟಲಿ ಎಂದಾಗ ದೂರದಿಂದಲೇ ಅದ್ಭುತ ಎಂದಿದ್ದವರು, ಭಾಲ್ಕಿ ಎಂದ ಕೂಡಲೇ ಹತ್ತಿರ ಹೋಗಿ ತಪ್ಪು ಹುಡುಕತೊಡಗಿದರು. ಬಸ್ ನಿಲ್ದಾಣದ ನಲ್ಲಿ ಆ ಕಡೆಯಲ್ಲ, ಈ ಕಡೆ ಇದೆ. ಸ್ಟೇಷನ್ನಿನ ಬೆಂಚಿಗೆ ಒಂದು ಕಾಲು ಇಲ್ಲ, ನೀವು ನಾಲ್ಕು ಬರೆದಿದ್ದೀರಿ. ಔರಾದಿನವರೊಬ್ಬರು ಸರ್ಜಾನನ್ನು ಹೆಸರು ಹಿಡಿದು ಗುರುತಿಸಿದರು. ನನ್ನ ಚಿತ್ರಗಳನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಅಕ್ಕ ಸೆರಗು ಸರಿಸಿ ಒಲೆಯ ಚಿತ್ರದ ಮುಂದೆ ನಿಂತು, ತನ್ನ ಮೂಗು ಇಷ್ಟು ದಪ್ಪ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಸುವರ್ಣಾ ಹೊಸ ಶಾಲನ್ನು ಮಡಚಿ ಅಲಮಾರಿಗೆ ಇಡಲು ಹೊರಟಿದ್ದಳು. ಇಲ್ಲಿ ಕೊಡು ಎಂದು ಇಸಿದುಕೊಂಡು ಬಣ್ಣದ ಪೆಟ್ಟಿಗೆಯ ಜೊತೆ ಮಾಳಿಗೆ ಹತ್ತಿದೆ. ಹೊಸದನ್ನು ಯಾಕೆ ಒಯ್ಯುತ್ತೀರಿ ಎಂದು ಕೆಳಗಿನಿಂದ ಕೂಗಿದಳು. ಹಳೆಯದರಲ್ಲಿ ಕುಂಚ ಒರೆಸಲು ಜಾಗ ಉಳಿದಿರಲಿಲ್ಲ.